ಎಳೆಯ ವಾಚಕರೂ ‘ಕರ್ವಾಲೊ’ದ ಓತಿಯೂ

ನಮ್ಮ ಮೇಜಿನ ಖಾನೆಯಲ್ಲಿ ಎರಡು ವರ್ಷಗಳಿಂದ ಒಂದು ನೋಟುಪುಸ್ತಕವಿದೆ. ಅದರಲ್ಲಿರುವ ಬರಹ ನಮ್ಮದಲ್ಲ. ಹದಿನೈದರಿಂದ ಹತ್ತೊಂಬತ್ತು ವಯಸ್ಸಿನೊಳಗಿನ ಹುಡುಗರೂ ಹುಡುಗಿಯರೂ ಒಂದೇ ಒಂದು ಕಾದಂಬರಿಯನ್ನು ಓದಿ, ಅದನ್ನು ಕುರಿತು ತಮಗೆ ತೋರಿದುದನ್ನು ತೋರಿದಂತೆ ಬರೆದಿಟ್ಟ ಅಭಿಪ್ರಾಯಗಳು ಅವು. ಕೆಲವರು ತುಮಕೂರಿನಲ್ಲಿ ನಮ್ಮಿಂದ ಪಾಠ ಕೇಳುವವರು. ಕೆಲವರು ಗುಬ್ಬಿಯಲ್ಲಿ ಭಾನುವಾರದ ಹೊತ್ತು ಸೇರುವ ಓದುಗರ ಕೂಟದವರು. ಇನ್ನು ಕೆಲವರು ನಮ್ಮ ಹುಟ್ಟೂರಾದ ಕುಣಿಗಲ್ಲಿನವರು. ಕಾದಂಬರಿಯ ಹೆಸರು ‘ಕರ್ವಾಲೊ’. ಪೂರ್ಣಚಂದ್ರ ತೇಜಸ್ವಿಯವರು ಬರೆದ ಈ ಗ್ರಂಥವು 1980ರಲ್ಲಿ ಅಚ್ಚಾಯಿತು. ಗ್ರಂಥಕರ್ತರು 2007ರಲ್ಲಿ ತೀರಿಕೊಂಡರು. ಇದನ್ನು ಓದುತ್ತಿರುವ ಮಕ್ಕಳಲ್ಲಿ ಬಹುಮಂದಿ ಆ ತರುವಾಯ ಹುಟ್ಟಿದವರು.

ಗ್ರಂಥದ ಗುಣದೋಷವಿಚಾರವೆಂಬುದು ಪಂಡಿತರ ಸೊತ್ತೆಂದು ನಾವು ಬಹುಕಾಲ ನಂಬಿದ್ದೆವು. ಎಳೆಯರ ಅಭಿಪ್ರಾಯವೆಂದರೆ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಎರಡೇ ಮಾತು, ಅದಕ್ಕಿಂತ ಹೆಚ್ಚಿನದನ್ನು ನಾವೇ ಅವರ ಬಾಯಿಗೆ ಹಾಕಬೇಕು, ಎಂಬುದು ನಮ್ಮ ವೃತ್ತಿಯವರ ಸಾಮಾನ್ಯವಾದ ತಿಳಿವಳಿಕೆ. ಈ ನೋಟುಪುಸ್ತಕವು ಆ ತಿಳಿವಳಿಕೆಯನ್ನು ಸ್ವಲ್ಪ ಅಲ್ಲಾಡಿಸಿತು. ಅದು ಹೇಗೆಂಬುದನ್ನೂ, ಅದರ ನಡುವೆ ನಮ್ಮಿಂದ ನಡೆದ ಒಂದು ಅನ್ಯಾಯವನ್ನೂ ಇಲ್ಲಿ ಹೇಳಬೇಕಾಗಿದೆ.

ಮೊದಲು ಈ ಜಾತಿಯ ಕಾದಂಬರಿಯ ಲಕ್ಷಣವೇನೆಂಬುದನ್ನು ನೋಡೋಣ. ರಹಸ್ಯವೊಂದನ್ನು ಮುಂದಿಟ್ಟು ಕೊನೆಗೆ ಅದನ್ನು ಬಿಡಿಸುವ ಕಥೆಯನ್ನು ನಾವು ಪತ್ತೇದಾರಿ ಕಥೆಯೆನ್ನುತ್ತೇವೆ. ಅದರ ಸುಖವು ಗಂಟು ಬಿಚ್ಚುವುದರಲ್ಲಿದೆ. ಬಿಚ್ಚಿದವನು ಕಥೆಯ ಆದಿಯಲ್ಲಿ ಹೇಗಿದ್ದನೋ ಅಂತ್ಯದಲ್ಲಿಯೂ ಹಾಗೆಯೇ ಇರುತ್ತಾನೆ. ಷರ್ಲಾಕ್ ಹೋಮ್ಸನಿಗೆ ಒಂದು ಕೊಲೆಯ ಪತ್ತೆಯಿಂದ ಬುದ್ಧಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆದರೆ ಬೇರೊಂದು ಬಗೆಯ ರಹಸ್ಯಕಥೆಯುಂಟು. ಅದರಲ್ಲಿ ಗುಟ್ಟನ್ನು ಹುಡುಕುವವನು ಹುಡುಗ. ಗುಟ್ಟು ತಿಳಿಯುವ ಹೊತ್ತಿಗೆ ಆತನು ಹುಡುಗನಾಗಿ ಉಳಿದಿರುವುದಿಲ್ಲ. ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಇದಕ್ಕೆ ಹೆಸರಾದ ನಿದರ್ಶನ. ಜಿಮ್ ಹಾಕಿನ್ಸ್ ಎಂಬ ಬಾಲಕನು ಹಡಗಿನ ಮೇಲೆ ಸೇಬಿನ ಪೀಪಾಯಿಯೊಳಗೆ ಕುಳಿತು, ತಾನು ಮೆಚ್ಚಿ ನೆಚ್ಚಿದ್ದ ಸಿಲ್ವರನೇ ಕಡಲ್ಗಳ್ಳರ ನಾಯಕನೆಂಬುದನ್ನು ಕಿವಿಯಾರೆ ಕೇಳುತ್ತಾನೆ. ನಿಧಿಯ ರಹಸ್ಯ ಅದರ ಮುಂದೆ ಸಣ್ಣದು. ಪ್ರೀತಿಯಿಂದ ಮಾತನಾಡಿಸಿದ ಹಿರಿಯನು ಕೊಲೆಗಡುಕನಾಗಿರಬಹುದೆಂಬ ರಹಸ್ಯವೇ ದೊಡ್ಡದು. ಅದು ತಿಳಿದ ಗಳಿಗೆಯಲ್ಲಿ ಬಾಲ್ಯ ಮುಗಿಯಿತು.

ಇಲ್ಲಿ ಒಂದು ವಿಷಯವನ್ನು ಹೇಳಿ ಮುಂದುವರಿಯುತ್ತೇವೆ. ಆ ಕಾದಂಬರಿಯು 1881ರ ಅಕ್ಟೋಬರಿನಿಂದ 1882ರ ಜನವರಿಯವರೆಗೆ ಎಳೆಯರ ಪತ್ರಿಕೆಯೊಂದರಲ್ಲಿ, ಗ್ರಂಥಕರ್ತನ ನಿಜನಾಮವಿಲ್ಲದೆ, ಕಂತುಕಂತಾಗಿ ಬಂದಿತು. ಪತ್ರಿಕೆಯ ಎಳೆಯ ಓದುಗರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. 1883ರಲ್ಲಿ ಪುಸ್ತಕವಾಗಿ ಬಂದ ಮೇಲೆ ಮೆಚ್ಚಿಕೊಂಡವರು ದೊಡ್ಡವರು! ಮಾರ್ಕ್ ಟ್ವೈನನ ‘ಹಕಲ್‌ಬರಿ ಫಿನ್ನ’ನ ಗತಿ ಇದಕ್ಕೆ ವಿಪರ್ಯಾಸವಾಯಿತು. 1885ರಲ್ಲಿ ಅಮೆರಿಕದ ಕಾಂಕರ್ಡ್ ಎಂಬ ಊರಿನ ಪುಸ್ತಕಭಂಡಾರದ ಹಿರಿಯರು ಅದು ಮಕ್ಕಳು ಓದತಕ್ಕುದಲ್ಲವೆಂದು ಕಪಾಟಿನಿಂದ ತೆಗೆದುಹಾಕಿದರು; ಇದರಿಂದ ಮಾರಾಟ ಹೆಚ್ಚೀತೆಂದು ಗ್ರಂಥಕರ್ತನು ಸಂತೋಷಪಟ್ಟನು. ಎಳೆಯರಿಗೆ ಯಾವುದು ಹಿಡಿಸೀತು, ಯಾವುದು ತಕ್ಕುದು, ಎಂಬುದನ್ನು ಮುಂದಾಗಿ ಹೇಳಹೊರಟವರು ಹೀಗೆ ಮೊದಲಿನಿಂದಲೂ ಎಡವುತ್ತಲೇ ಬಂದಿದ್ದಾರೆ.

ಕನ್ನಡದಲ್ಲಿಯೂ ಕುತೂಹಲದ ಕಥೆಗೇ ಓದುಗರನ್ನು ದುಡಿದು ತಂದ ಪುಣ್ಯ ಸಲ್ಲಬೇಕು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯನ್ನು 1885ರಲ್ಲಿ ಕನ್ನಡಕ್ಕೆ ತಂದರು, ಕೆರೂರು ವಾಸುದೇವಾಚಾರ್ಯರು ಹೋಮ್ಸನ ಕಥೆಗಳಿಗೆ ಕನ್ನಡದ ಉಡುಗೆ ತೊಡಿಸಿದರು. ಆದರೆ ಸಾಮಾನ್ಯ ಜನರ ಕೈಗೆ, ಅಂಗಡಿಯ ಗಲ್ಲದವರೆಗೆ, ಬಸ್ಸಿನ ನಿಲ್ದಾಣದವರೆಗೆ ಪುಸ್ತಕವನ್ನು ಮುಟ್ಟಿಸಿದವರು ಎನ್. ನರಸಿಂಹಯ್ಯನವರು. ಅವರು ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಬರೆದದ್ದು ಐನೂರಕ್ಕೂ ಮೇಲ್ಪಟ್ಟ ಪತ್ತೇದಾರಿ ಕಾದಂಬರಿಗಳನ್ನು. ‘ಪತ್ತೇದಾರ ಪುರುಷೋತ್ತಮ’ನು 1952ರಲ್ಲಿ ಹೊರಬಿದ್ದನು. ಅದಾಗಿ ನಾಲ್ವತ್ತು ವರ್ಷವಾಗುವ ಹೊತ್ತಿಗೂ ಕುಣಿಗಲ್ಲಿನ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಅವನು ಮುಪ್ಪಾಗಿರಲಿಲ್ಲ. ನಾವು ಆತನನ್ನು ಸಮಾಜಪಾಠದ ಪುಸ್ತಕದೊಳಗೆ ಅಡಗಿಸಿ, ಕೆರೆಯ ಏರಿಯ ಮೇಲೆ ಕುಳಿತು ಓದಿದವರು. ಆ ಏರಿಯ ಮೇಲೆ ಒಂದು ಸಂಜೆ ನಮ್ಮ ತಂದೆಯವರೇ ನಮ್ಮನ್ನು ಪತ್ತೆ ಮಾಡಿದರು. ಪುರುಷೋತ್ತಮನ ನೆರವೇನೂ ಅವರಿಗೆ ಬೇಕಾಗಲಿಲ್ಲ. ಅದು ಬೇರೆ ಕಥೆ.

‘ಕರ್ವಾಲೊ’ವನ್ನು ತೇಜಸ್ವಿಯವರು ಎಳೆಯರಿಗಾಗಿ ಬರೆದರೆಂದು ಹೇಳಲಾಗುವುದಿಲ್ಲ, ಎಳೆಯರು ಅದನ್ನು ತಮ್ಮದಾಗಿ ಮಾಡಿಕೊಂಡರು. ಓದದವರ ಸಲುವಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಮೂಡಿಗೆರೆಯ ಕಡೆ ಬೇಸಾಯ ಮಾಡಿಕೊಂಡಿರುವ ಒಬ್ಬ ವಿದ್ಯಾವಂತನು ಕಥೆಯನ್ನು ಹೇಳುತ್ತಾನೆ. ಜೇನು ಕೊಳ್ಳಲು ಹೋದಲ್ಲಿಂದ ಅವನಿಗೆ ಮಂದಣ್ಣನೆಂಬ ಯುವಕನ ಪರಿಚಯವಾಗುತ್ತದೆ. ಮಂದಣ್ಣನೆಂದರೆ ಊರಿನವರ ಕಣ್ಣಿಗೆ ನಿರುದ್ಯೋಗಿ, ಕಾಡು ಅಲೆಯುವವನು, ಮದುವೆಯ ಹಂಬಲವೊಂದನ್ನು ಬಿಟ್ಟರೆ ಇನ್ನಾವ ಗಾಂಭೀರ್ಯವೂ ಇಲ್ಲದವನು. ಇಂಥವನನ್ನು ಕರ್ವಾಲೊ ಎಂಬ ದೊಡ್ಡ ವಿಜ್ಞಾನಿಯು ಆದರದಿಂದ ಹತ್ತಿರ ಇಟ್ಟುಕೊಂಡಿರುವುದೇಕೆ? ಇದು ಕಥೆಯ ಮೊದಲನೆಯ ರಹಸ್ಯ. ಕಾಡಿನ ನಡುವೆ ಇರುವುದೆನ್ನಲಾದ, ಯುಗಯುಗಗಳ ಹಿಂದಿನ ಹಾರುವ ಓತಿಯು ನಿಜವಾಗಿ ಇದೆಯೆ? ಇದು ಎರಡನೆಯದು. ಬಿರಿಯಾನಿ ಕರಿಯಪ್ಪ, ಛಾಯಾಗ್ರಾಹಕ ಪ್ರಭಾಕರ, ಹಾವುಗಳನ್ನು ಬಲ್ಲ ಎಂಗ್ಟ, ಕಿವಿಯೆಂಬ ನಾಯಿ, ಇವರೆಲ್ಲರ ಮೇಳದೊಡನೆ ಹುಡುಕಾಟ ಸಾಗುತ್ತದೆ. ಕೊನೆಗೆ ಓತಿ ಕಾಣಿಸಿಕೊಳ್ಳುತ್ತದೆ; ಕೈಗೆ ಸಿಕ್ಕುವುದಿಲ್ಲ; ಪ್ರಪಾತದ ಮೇಲಿನಿಂದ ತೇಲಿ ಹೊರಟುಹೋಗುತ್ತದೆ.

ಗುಬ್ಬಿಯ ಹುಡುಗರ ಕೋಪವೆಲ್ಲ ಈ ಕೊನೆಯ ಮೇಲೆಯೇ. ‘ಇಷ್ಟು ದೂರ ನಡೆಸಿಕೊಂಡು ಹೋಗಿ ಬರಿಗೈಯಲ್ಲಿ ಕಳುಹಿಸಿದರು’ ಎಂದು ಒಬ್ಬನು ಬರೆದಿದ್ದಾನೆ. ‘ಊಟಕ್ಕೆ ಕರೆದು ಎಲೆ ಹಾಕಿ ಎಬ್ಬಿಸಿದ ಹಾಗಾಯಿತು’ ಎಂದು ಇನ್ನೊಬ್ಬನು. ಈ ದೂರಿನಲ್ಲಿ ನ್ಯಾಯವುಂಟು. ರಹಸ್ಯಕಥೆಯೆಂಬುದು ಗ್ರಂಥಕರ್ತನಿಗೂ ಓದುಗನಿಗೂ ನಡುವೆ ಆದ ಒಂದು ಕರಾರು. ಓದುಗನು ತನ್ನ ಸಮಯವನ್ನು ಕೊಡುತ್ತಾನೆ, ಗ್ರಂಥಕರ್ತನು ಗುಟ್ಟನ್ನು ಕೊಡಬೇಕು. ತೇಜಸ್ವಿಯವರು ಕರಾರನ್ನು ಮುರಿದರೆ? ನಾವು ಇದಕ್ಕೆ ಸಮಾಧಾನ ಹೇಳಲು ಸಿದ್ಧರಾಗಿಯೇ ಗುಬ್ಬಿಗೆ ಹೋಗಿದ್ದೆವು: ಸಿಕ್ಕಿದ್ದರೆ ಓತಿಯು ಒಂದು ಗಾಜಿನ ಸೀಸೆಯಲ್ಲಿ ಮುಗಿಯುತ್ತಿತ್ತು, ಸಿಕ್ಕದೆ ಹೋದುದರಿಂದಲೇ ಅದು ಅನಂತವಾಯಿತು, ಇತ್ಯಾದಿ. ಹುಡುಗರು ಮರ್ಯಾದೆಯಿಂದ ಕೇಳಿದರು, ಒಪ್ಪಲಿಲ್ಲ.

ಒಪ್ಪಿಸಿದುದು ನಮ್ಮ ಮಾತಲ್ಲ, ಅವರ ಊರಿನ ಹಳೆಯ ಸಂಪ್ರದಾಯವೊಂದು. ಗುಬ್ಬಿಯ ನಾಟಕ ಕಂಪೆನಿಯು 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾದುದಷ್ಟೆ. ಆ ಕಾಲದ ಪ್ರೇಕ್ಷಕನಿಗೆ ತನ್ನ ಅಭಿಪ್ರಾಯವನ್ನು ತಿಳಿಸಲು ಒಂದು ಮಾತಿತ್ತು: ‘ವನ್ಸ್ ಮೋರ್’. ಕಥೆ ಅವನಿಗೆ ಮೊದಲೇ ಗೊತ್ತು. ಕುರುಕ್ಷೇತ್ರದಲ್ಲಿ ಗೆಲ್ಲುವವರು ಯಾರೆಂಬುದರಲ್ಲಿ ರಹಸ್ಯವಿಲ್ಲ. ಆದರೂ ಇನ್ನೊಮ್ಮೆ ಬೇಕೆನ್ನುತ್ತಿದ್ದನು. ಕೂಟದ ಹಿರಿಯರೊಬ್ಬರು ಇದನ್ನು ನೆನಪಿಗೆ ತಂದು, ‘ನಿಮ್ಮಲ್ಲಿ ಈ ಪುಸ್ತಕಕ್ಕೆ ವನ್ಸ್ ಮೋರ್ ಎಂದವರು ಎಷ್ಟು ಜನ?’ ಎಂದು ಕೇಳಿದರು. ಎಲೆ ಹಾಕಿ ಎಬ್ಬಿಸಿದರೆಂದು ಬರೆದಿದ್ದ ಹುಡುಗನೇ ಮೆಲ್ಲನೆ ಕೈಯೆತ್ತಿದನು. ಅವನು ಅದನ್ನು ಮೂರು ಬಾರಿ ಓದಿದ್ದನು! ಪುರುಷೋತ್ತಮನ ಸಾಹಸಗಳನ್ನು ಎರಡನೆಯ ಬಾರಿ ಓದಿದ ನೆನಪು ನಮಗಿಲ್ಲ. ಕೊಲೆಗಾರನು ಯಾರೆಂದು ತಿಳಿದ ಮೇಲೆ ಆ ಪುಸ್ತಕವು ರಸ ಹಿಂಡಿದ ಕಬ್ಬು. ಕೊನೆಯನ್ನು ಬೈಯುತ್ತ ಮೂರು ಬಾರಿ ಓದಿಸಿಕೊಳ್ಳುವ ಪುಸ್ತಕದಲ್ಲಿ ರಹಸ್ಯವು ಬೇರೆಲ್ಲಿಯೋ ಇರಬೇಕು.

ಎಲ್ಲಿದೆಯೆಂಬುದನ್ನು ತುಮಕೂರಿನ ವಿದ್ಯಾರ್ಥಿನಿಯೊಬ್ಬಳು ನಮಗಿಂತ ಚೆನ್ನಾಗಿ ಬರೆದಿದ್ದಾಳೆ. ಅವಳ ಮಾತಿನ ಸಾರವಿದು. ಇದು ದೊಡ್ಡವನಾಗುವ ಕಥೆಯೆಂದರೆ, ದೊಡ್ಡವನಾಗುವವನು ಮಂದಣ್ಣನೆಂದು ಎಲ್ಲರೂ ಹೇಳುತ್ತಾರೆ. ಅವನಿಗೆ ಮದುವೆಯಾಗುತ್ತದೆ, ಪೋಲೀಸರ ಕೈಗೆ ಸಿಕ್ಕಿ ಪೆಟ್ಟೂ ತಿನ್ನುತ್ತಾನೆ, ನಿಜ. ಆದರೆ ಮಂದಣ್ಣನು ಮೊದಲ ಪುಟದಲ್ಲಿ ಎಷ್ಟು ಬಲ್ಲನೋ ಕೊನೆಯ ಪುಟದಲ್ಲಿಯೂ ಅಷ್ಟೇ ಬಲ್ಲ. ಬೆಳೆದವನು ಕಥೆ ಹೇಳುವವನು. ಅವನು ಓದಿದವನು, ವಯಸ್ಸಾದವನು; ಆದರೂ ಮಂದಣ್ಣನನ್ನು ನೋಡಲು ಅವನಿಗೆ ಬರುವುದಿಲ್ಲ; ಕರ್ವಾಲೊ ನೋಡುವುದನ್ನು ನೋಡಿ ಕಲಿಯುತ್ತಾನೆ. ವಿಜ್ಞಾನಿಗೂ ಪೋಲಿಗೂ ಸ್ನೇಹವೇಕೆ ಎಂಬ ರಹಸ್ಯಕ್ಕೆ ಉತ್ತರವು ಮಂದಣ್ಣನಲ್ಲಿ ಇರಲಿಲ್ಲ; ಕೇಳಿದವನ ಕಣ್ಣಿನಲ್ಲಿ ಪೊರೆಯಿತ್ತು. ಇಷ್ಟನ್ನು ಒಂದೂವರೆ ಪುಟದಲ್ಲಿ ಬರೆದ ಹುಡುಗಿಗೆ ಹದಿನೆಂಟು ವರ್ಷ. ನಾವು ಈ ಗ್ರಂಥವನ್ನು ಪಾಠ ಹೇಳಲಾರಂಭಿಸಿ ಎಷ್ಟೋ ವರ್ಷಗಳಾದರೂ ಮಂದಣ್ಣನ ‘ಪಾತ್ರಪೋಷಣೆ’ಯ ಟಿಪ್ಪಣಿಯನ್ನೇ ಬರೆಸುತ್ತಿದ್ದೆವು.

ಇನ್ನೊಬ್ಬಳು ಪುಸ್ತಕವನ್ನು ಮೆಚ್ಚಿದಳು, ಮೆಚ್ಚಿ ಒಂದು ಪ್ರಶ್ನೆ ಕೇಳಿದಳು. ಕಾಡಿಗೆ ಹೊರಟ ತಂಡದಲ್ಲಿ ಹೆಂಗಸು ಒಬ್ಬಳೂ ಇಲ್ಲವೇಕೆ? ಮಂದಣ್ಣನು ಹುಡುಗಿಯಾಗಿದ್ದು, ಓದು ಬಿಟ್ಟು, ಹುಳುಹುಪ್ಪಟೆಗಳ ಹಿಂದೆ ಕಾಡು ಅಲೆದಿದ್ದರೆ, ಅವಳನ್ನು ಕರ್ವಾಲೊ ಶಿಷ್ಯೆಯೆನ್ನುವಷ್ಟರಲ್ಲಿ ಮನೆಯವರು ಮದುವೆ ಮಾಡಿ ಕಳುಹಿಸಿರುತ್ತಿದ್ದರಲ್ಲವೆ? ಇದು ಗ್ರಂಥದ ದೋಷವೋ ಲೋಕದ ದೋಷವೋ ಎಂದು ನಾವು ತರಗತಿಯಲ್ಲಿ ಚರ್ಚೆಗೆ ಇಟ್ಟೆವು. ಹುಡುಗರು ಲೋಕದ ದೋಷವೆಂದು ಬೇಗನೆ ತೀರ್ಮಾನಿಸಿ ಕುಳಿತರು. ಹುಡುಗಿಯರು ತೀರ್ಮಾನಿಸಲಿಲ್ಲ.

ಈಗ ನಮ್ಮ ಅನ್ಯಾಯದ ಪ್ರಸ್ತಾಪ. ಅಭಿಪ್ರಾಯ ಬರೆಯುವುದನ್ನು ನಾವು ಮೊದಲ ವರ್ಷ ಆಂತರಿಕ ಅಂಕಗಳಿಗೆ ಸೇರಿಸಿದ್ದೆವು. (ಅಂಕವಿಲ್ಲದೆ ಅಭಿಪ್ರಾಯ ಹುಟ್ಟುವುದಿಲ್ಲವೆಂಬುದು ನಮ್ಮ ವಿದ್ಯಾಭ್ಯಾಸಕ್ರಮದ ಒಂದು ನಂಬಿಕೆ.) ಕುಣಿಗಲ್ಲಿನಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹುಡುಗನೊಬ್ಬನು ಅರ್ಧ ಪುಟ ಬರೆದನು. ಕಾದಂಬರಿಯ ಪಾತ್ರಗಳ ಮಾತೇ ಅದರಲ್ಲಿಲ್ಲ. ಹಾರುವ ಓತಿ ಅಷ್ಟೇನೂ ಅಪರೂಪವಲ್ಲ. ತನ್ನ ಅಕ್ಕನನ್ನು ಪುತ್ತೂರಿನ ಕಡೆಗೆ ಕೊಟ್ಟಿದೆ. ಅವರ ಅಡಕೆ ತೋಟದಲ್ಲಿ ಅದು ಮರದಿಂದ ಮರಕ್ಕೆ ಹೋಗುವುದನ್ನು ತಾನೇ ಕಂಡಿದ್ದೇನೆ. ಗಂಡಿಗೆ ಗಂಟಲ ಕೆಳಗೆ ಹಳದಿಯ ಚರ್ಮವೊಂದಿದೆ, ಅದನ್ನು ಹೊರಕ್ಕೆ ಚಾಚಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆದುದರಿಂದ ಕಥೆಯನ್ನು ನಂಬುವುದು ತನಗೆ ಕಷ್ಟವಾಯಿತು. ಇಷ್ಟೇ. ನಾವು ಅಂಚಿನಲ್ಲಿ ‘ಅಪ್ರಸ್ತುತ’ ಎಂದು ಕೆಂಪು ಶಾಯಿಯಲ್ಲಿ ಬರೆದು, ಹತ್ತಕ್ಕೆ ಮೂರು ಅಂಕ ಕೊಟ್ಟೆವು. ಬಿಟ್ಟರೆ ಸಾಲದೆಂದು ತರಗತಿಯಲ್ಲಿ ಓದಿಯೂ ಹೇಳಿದೆವು. ‘ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ’ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ನಗು ಎದ್ದಿತು. ನಾವೂ ನಕ್ಕೆವೆಂಬುದನ್ನು ಮರೆಮಾಚಬಾರದು.

ಹುಡುಗನು ನಗಲಿಲ್ಲ. ಗಂಟೆ ಹೊಡೆದ ಮೇಲೆ ಬಂದು, ‘ಸಾರ್, ನಾನು ನೋಡಿದ್ದನ್ನೇ ಬರ್ದಿದೀನಿ. ನೋಡಿದ್ದನ್ನ ಬರೀಬಾರ್ದು ಅನ್ನೋದಾದ್ರೆ ಮೊದ್ಲೇ ಹೇಳ್ಬೇಕಿತ್ತು’ ಎಂದು ಹೇಳಿ ಹೊರಟುಹೋದನು. ಆ ತರುವಾಯ ಎರಡು ವಾರ ಅವನು ನಮ್ಮ ತರಗತಿಗೆ ಬರಲಿಲ್ಲ.

ಅವನ ಮಾತು ನಿಜವೆಂದು ತಿಳಿಯಲು ನಾವು ಪ್ರಾಣಿಶಾಸ್ತ್ರದ ಸಹೋದ್ಯೋಗಿಗಳೊಬ್ಬರ ಕೊಠಡಿಯವರೆಗೆ, ಎಂದರೆ ಮೂವತ್ತು ಹೆಜ್ಜೆ ನಡೆದರೆ ಸಾಕಾಗಿತ್ತು. ಡ್ರ್ಯಾಕೊ ಎಂಬ ಕುಲದ ಹಾರುವ ಓತಿಯು ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ಆ ಸೀಮೆಯ ಅಡಕೆ ತೆಂಗಿನ ತೋಟಗಳಲ್ಲಿಯೂ ಇಂದಿಗೂ ಬದುಕಿದೆ. ಅದಕ್ಕೆ ಹಕ್ಕಿಯಂತೆ ಬಡಿಯುವ ರೆಕ್ಕೆಯಿಲ್ಲ. ಅದರ ಕೆಲವು ಪಕ್ಕೆಲುಬುಗಳು ನೀಳವಾಗಿ ಬೆಳೆದು ಹೊರಕ್ಕೆ ಚಾಚುತ್ತವೆ. ಅವುಗಳ ಮೇಲೆ ಕೊಡೆಯ ಬಟ್ಟೆಯಂತೆ ಚರ್ಮವು ಬಿಗಿದುಕೊಳ್ಳುತ್ತದೆ. ಎತ್ತರದ ಕಾಂಡದಿಂದ ಧುಮುಕಿ ತಗ್ಗಿನ ಕಾಂಡಕ್ಕೆ ತೇಲಿಹೋಗುತ್ತದೆ. ಇರುವೆಗಳು ಅದರ ಮುಖ್ಯವಾದ ಆಹಾರ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯುತ್ತದೆ. ಹಳದಿಯ ಗಂಟಲಚೀಲದ ವರ್ಣನೆಯಲ್ಲಿ ಹುಡುಗನು ಒಂದಕ್ಷರವನ್ನೂ ತಪ್ಪಿರಲಿಲ್ಲ. ಕಾದಂಬರಿಯ ಓತಿಯು ಕಾಲದ ಆಚೆಯಿಂದ ಬಂದ ಪ್ರಾಣಿ. ಅದನ್ನು ತೋಟದ ಓತಿಯೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಕವಿಯ ಪರವಾಗಿ ವಾದಿಸಬಹುದು. ನಾವು ಈಗಲೂ ವಾದಿಸುತ್ತೇವೆ. ಆದರೆ ಅದು ವಾದ. ಹುಡುಗನದು ಕಂಡ ಮಾತು.

ತುಮಕೂರಿನ ಆ ವಿದ್ಯಾರ್ಥಿನಿಯ ಬರಹವನ್ನು ನಾವು ಮತ್ತೆ ಓದಿದುದು ಆ ರಾತ್ರಿ. ಓದಿದವನ ಕಣ್ಣಿನ ಪೊರೆಯೆಂದು ಅವಳು ಯಾವುದನ್ನು ಕರೆದಿದ್ದಳೋ ಅದು ಎಲ್ಲಿದೆಯೆಂಬುದು ನಮಗೆ ಸ್ಪಷ್ಟವಾಯಿತು. ಪದವಿಯಿಲ್ಲದ ಮಂದಣ್ಣನ ಕಣ್ಣನ್ನು ಗೌರವಿಸಬೇಕೆಂದು ಒಂದು ಗಂಟೆ ಉಪನ್ಯಾಸ ಮಾಡಿ, ಮರುಗಂಟೆಯಲ್ಲಿ ಮುಂದೆ ಕುಳಿತಿದ್ದ ಮಂದಣ್ಣನಿಗೆ ಹತ್ತಕ್ಕೆ ಮೂರು ಕೊಟ್ಟವರು ನಾವು. ಅಂಕವನ್ನು ತಿದ್ದಲು ಹೋದೆವು. ಪಟ್ಟಿ ಆಗಲೇ ಮೇಲಕ್ಕೆ ಹೋಗಿತ್ತು. ತಿದ್ದುಪಡಿಗೆ ಅರ್ಜಿ ಬೇಕು, ಕಾರಣ ಬೇಕು, ಮೇಲಿನವರ ರುಜು ಬೇಕು. ‘ಓತಿಯು ನಿಜವಾಗಿ ಇರುವುದರಿಂದ’ ಎಂಬ ಕಾರಣವನ್ನು ಬರೆದುಕೊಟ್ಟೆವು. ಅದು ಹಿಂದಿರುಗಿತು. ಮೂರು ಮೂರಾಗಿಯೇ ಉಳಿಯಿತು.

ಅಂದಿನಿಂದ ಅಭಿಪ್ರಾಯಗಳಿಗೆ ಅಂಕ ಹಾಕುವುದನ್ನು ಬಿಟ್ಟು ಈ ನೋಟುಪುಸ್ತಕವನ್ನು ಇಟ್ಟೆವು. ಅಂಕವಿಲ್ಲವೆಂದು ಬರೆಯದೆ ಹೋದವರೂ ಅನೇಕರಿದ್ದಾರೆ. ಬರೆದವರ ಬರಹವು ಮಾತ್ರ ಉದ್ದವಾಯಿತು, ಒರಟಾಯಿತು. ಒಬ್ಬಳು, ನಗುವ ಭಾಗಗಳು ಮುಗಿದು ವಿಜ್ಞಾನದ ಮಾತು ಬಂದಾಗಲೆಲ್ಲ ತಾನು ಪುಟ ಹಾರಿಸಿದೆನೆಂದು ಒಪ್ಪಿಕೊಂಡಿದ್ದಾಳೆ. ಒಬ್ಬನು, ನಾಯಿಯ ಪ್ರಸಂಗಗಳನ್ನು ಬಿಟ್ಟು ಉಳಿದುದನ್ನೆಲ್ಲ ತೆಗೆಯಬಹುದೆಂದಿದ್ದಾನೆ. ನಮ್ಮ ಬಯಲುಸೀಮೆಯ ಮಕ್ಕಳಿಗೆ ಮಲೆನಾಡಿನ ಮಳೆ, ಜಿಗಣೆ, ಏಲಕ್ಕಿಗಳು ಪರದೇಶದಂತೆ ತೋರುತ್ತವೆಂಬುದೂ ಇದರಿಂದ ತಿಳಿಯಿತು. ದೇವರಾಯನದುರ್ಗದ ಕಾಡನ್ನು ಕಣ್ಣೆದುರಿಗೇ ಇಟ್ಟುಕೊಂಡು, ಅಲ್ಲಿಗೆ ಇಂಥ ಕಥೆಯನ್ನು ಯಾರೂ ಏಕೆ ಕಳುಹಿಸಿಲ್ಲವೆಂದು ಮೂವರು ಕೇಳಿದ್ದಾರೆ. ಶಿಂಷಾ, ಜಯಮಂಗಲಿಗಳು ಹುಟ್ಟುವ ಬೆಟ್ಟಕ್ಕೆ ಒಂದು ರಹಸ್ಯಕಥೆ ದಕ್ಕಬೇಡವೆ?

ತಂದೆತಾಯಿಗಳ ಅಭಿಪ್ರಾಯವನ್ನೂ ಒಂದೆರಡು ಮಾತಿನಲ್ಲಿ ಹೇಳಬಹುದು, ಅದು ಒಂದೆರಡು ಮಾತಿನಲ್ಲಿಯೇ ಇರುವುದರಿಂದ: ‘ಇದು ಪರೀಕ್ಷೆಗೆ ಉಂಟೆ?’ ಉಂಟೆಂದರೆ ಓದಲಿ. ಇಲ್ಲವೆಂದರೆ ರಜೆಯಲ್ಲಿ ನೋಡೋಣ. ಕೆರೆಯ ಏರಿಯ ಮೇಲೆ ನಮ್ಮನ್ನು ಹಿಡಿದ ತಂದೆಯವರಾದರೂ ಪುಸ್ತಕವನ್ನು ಕಿತ್ತುಕೊಂಡು ಮನೆಗೆ ಹೋಗಿ, ರಾತ್ರಿ ಲಾಟೀನಿನ ಬೆಳಕಿನಲ್ಲಿ ತಾವೇ ಅದನ್ನು ಮುಗಿಸಿದರು.

ಎಳೆಯರಿಗಾಗಿಯೇ ಬರೆದ ಕಾದಂಬರಿಗಳು ಕನ್ನಡದಲ್ಲಿ ಇಲ್ಲವೆಂಬ ಮಾತು ಈಗ ಸಲ್ಲದು. ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ 2022ರಲ್ಲಿಯೂ, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ 2023ರಲ್ಲಿಯೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು, 2024ರಲ್ಲಿ ಅದೇ ಪುರಸ್ಕಾರವು ನಮ್ಮ ಜಿಲ್ಲೆಯವರೇ ಆದ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕತೆಗಳು’ ಎಂಬ ಪುಸ್ತಕಕ್ಕೆ ಸಂದಿತು. ಪುರಸ್ಕಾರ ಕೊಡುವವರು ದೊಡ್ಡವರೇ ಎಂಬುದನ್ನು ಗುಬ್ಬಿಯ ಹುಡುಗರು ಆಗಲೇ ಗುರುತಿಸಿದ್ದಾರೆ. ಈ ಪುಸ್ತಕಗಳನ್ನು ತರಿಸಬೇಕೆಂದೂ, ಓದಿದ ಮೇಲೆ ತಾವೇ ಹೇಳುವೆವೆಂದೂ ಅವರ ನಿರ್ಧಾರ. ಮೊದಲ ಕಂತಿನ ಹಣವನ್ನು ನಮ್ಮಿಂದಲೇ ವಸೂಲು ಮಾಡಿಕೊಂಡರು.

ಕುಣಿಗಲ್ಲಿನ ಹುಡುಗನು ಮೂರನೆಯ ವಾರ ತರಗತಿಗೆ ಬಂದನು. ನಾವು ಎಲ್ಲರ ಮುಂದೆ ಅವನ ಅರ್ಧ ಪುಟವನ್ನು ಇನ್ನೊಮ್ಮೆ ಓದಿ, ನಾವು ತಪ್ಪಿದೆವೆಂದು ಹೇಳಿದೆವು. ಅವನು ತಲೆ ತಗ್ಗಿಸಿಕೊಂಡು ಬೆಂಚಿನ ಮೇಲೆ ಏನೋ ಗೀಚುತ್ತಿದ್ದನು. ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಬೇಸಗೆಯ ರಜೆಗೆ ಅಕ್ಕನ ಮನೆಗೆ ಹೋಗುವ ಮುನ್ನ ನೋಟುಪುಸ್ತಕವನ್ನು ಕೇಳಿ ತೆಗೆದುಕೊಂಡನು. ಹಿಂದಿರುಗಿಸಿದಾಗ ಅದರಲ್ಲಿ ಹನ್ನೊಂದು ಪುಟ ತುಂಬಿದ್ದುವು: ದಿನ, ಹೊತ್ತು, ಯಾವ ಮರದಿಂದ ಯಾವ ಮರಕ್ಕೆ, ನಡುವೆ ಎಷ್ಟು ಮಾರು, ಮೋಡವಿತ್ತೋ ಬಿಸಿಲಿತ್ತೋ. ಕೊನೆಯ ಪುಟದಲ್ಲಿ ಕಾದಂಬರಿಯ ಹೆಸರನ್ನು ಬರೆದು, ಕೆಳಗೆ ‘ಎರಡನೆಯ ಸಲ ಓದುತ್ತಿದ್ದೇನೆ, ಅಭಿಪ್ರಾಯ ಆಮೇಲೆ’ ಎಂದು ಸೇರಿಸಿದ್ದಾನೆ.